ಕಿಂದರಿಯ ನಾದ ಮತ್ತು ಎಳೆಯರ ವಿವೇಕ
(ಬಾನುಲಿ ಭಾಷಣ)

ಕನ್ನಡದ ಕೇಳುಗರಿಗೆ ಕಿಂದರಿಜೋಗಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಕುವೆಂಪು ಅವರು ಬೊಮ್ಮನಹಳ್ಳಿಗೆ ಕರೆತಂದ ಆ ಜೋಗಿ ಮೂಲತಃ ಜರ್ಮನಿಯ ಹ್ಯಾಮೆಲಿನ್ ಊರಿನವನು. ಇಂಗ್ಲಿಷ್ ಕವಿ ಬ್ರೌನಿಂಗನ ಕೈಹಿಡಿದು ನಮ್ಮಲ್ಲಿಗೆ ಬಂದವನು. ಮೊದಲು ಇಲಿಗಳು, ಆಮೇಲೆ ಮಕ್ಕಳು ಅವನ ವಾದ್ಯದ ಹಿಂದೆ ನಡೆದುಬಿಟ್ಟ ಕಥೆ ಅದು. ಚಿಕ್ಕವರಾಗಿದ್ದಾಗ ನಮ್ಮ ಮನಸ್ಸೆಲ್ಲ ಜೋಗಿಯ ಕಡೆಗೇ ಇತ್ತು. ಹಿರಿಯರು ಕೊಟ್ಟ ಮಾತಿಗೆ ತಪ್ಪಿದರು, ತಕ್ಕ ಶಾಸ್ತಿಯಾಯಿತು ಎಂದುಕೊಂಡೆವು. ನಾವೇ ತಾಯಿತಂದೆಯರಾದ ಮೇಲೆ ಅದೇ ಕಥೆ ಬೇರೊಂದು ಬಗೆಯಲ್ಲಿ ಕೇಳಿಸುತ್ತದೆ. ಅಷ್ಟು ಮಕ್ಕಳಲ್ಲಿ ಒಬ್ಬರಾದರೂ ಹಿಂದಿರುಗಿ ನೋಡಲಿಲ್ಲವೇಕೆ? ಮನೆಯಿಂದ ಕೂಗಿದ ದನಿ ಅವರ ಕಿವಿಗೆ ಬೀಳಲಿಲ್ಲವೇಕೆ?

ಈ ಪ್ರಶ್ನೆ ಕೇವಲ ಕಥೆಗೆ ಸಂಬಂಧಪಟ್ಟದ್ದಲ್ಲ. 1933ರಲ್ಲಿ ಹಿಟ್ಲರನು ಜರ್ಮನಿಯ ಅಧಿಕಾರಕ್ಕೆ ಬಂದಾಗ ಉಲ್ಮ್ ನಗರದ ಒಬ್ಬ ತಂದೆ ತನ್ನ ಮಕ್ಕಳಿಗೆ ಹ್ಯಾಮೆಲಿನ್ನಿನ ಆ ಜೋಗಿಯನ್ನೇ ನೆನಪಿಸಿದ. ಈತನೂ ಕೊಳಲೂದುತ್ತ ಬಂದಿದ್ದಾನೆ, ಇವನ ಹಿಂದೆ ಹೋದವರು ಹಾಳಾಗುತ್ತಾರೆ ಎಂದು ಎಚ್ಚರಿಸಿದ. ಮಕ್ಕಳು ಕೇಳಲಿಲ್ಲ. ಆ ತಂದೆಯ ಹೆಸರು ರಾಬರ್ಟ್ ಷೋಲ್. ಅವನ ಐವರು ಮಕ್ಕಳಲ್ಲಿ ಹಾನ್ಸ್ ಮತ್ತು ಸೋಫಿ ಎಂಬ ಅಣ್ಣ ತಂಗಿಯರು ಹತ್ತು ವರ್ಷಗಳ ನಂತರ ಅದೇ ಹಿಟ್ಲರನ ಆಡಳಿತದ ವಿರುದ್ಧ ಕರಪತ್ರ ಹಂಚಿ ತಲೆಗೊಟ್ಟರು. ಹೋದ ಮಕ್ಕಳು ಹೇಗೆ ಹೋದರು, ಮರಳಿದವರು ಹೇಗೆ ಮರಳಿದರು ಎಂಬುದನ್ನು ವಿಚಾರಮಾಡಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿಯದು.

1918ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಮೂವರನ್ನು ನಿಮ್ಮ ಮುಂದಿಡುತ್ತೇನೆ. ಒಬ್ಬನು ಈಗ ಹೇಳಿದ ಹಾನ್ಸ್ ಷೋಲ್. ಎರಡನೆಯವಳು ಮೆಲಿಟಾ ಮಾಷ್‌ಮಾನ್ ಎಂಬ ಬರ್ಲಿನ್ನಿನ ಹುಡುಗಿ. ಮೂರನೆಯವನು ವಿಲ್ಲಿ ಗ್ರಾಫ್ ಎಂಬ ಕ್ಯಾಥೊಲಿಕ್ ಮನೆತನದ ಹುಡುಗ. 1933ರಲ್ಲಿ ಮೂವರಿಗೂ ಹದಿನಾಲ್ಕು ಹದಿನೈದರ ವಯಸ್ಸು. ಮೂವರೂ ಬುದ್ಧಿವಂತರು, ಮೂವರೂ ಮರ್ಯಾದಸ್ಥರ ಮಕ್ಕಳು. ಅವರಲ್ಲಿ ಯಾರೂ ಹುಟ್ಟಿನಿಂದ ಕ್ರೂರಿಗಳಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ದಾರಿತಪ್ಪಿದ ತರುಣರನ್ನು ಕಂಡಾಗ ಅವರಲ್ಲಿ ನೀತಿಯ ಬೀಜವೇ ಇರಲಿಲ್ಲವೆಂದು ಭಾವಿಸುವುದು ನಮಗೆ ಸುಲಭ. ಹಾಗೆ ಭಾವಿಸಿದರೆ ನಮ್ಮ ಜವಾಬ್ದಾರಿಯೂ ಅಲ್ಲಿಗೇ ಮುಗಿಯುತ್ತದೆ.

ಹಾನ್ಸನು ತಂದೆಯ ಮಾತನ್ನು ಮೀರಿ ಹಿಟ್ಲರ್ ಯುವದಳವನ್ನು ಸೇರಿದ. ಅಕ್ಕ ಇಂಗೆ, ತಂಗಿ ಸೋಫಿ ಮುಂತಾದವರೂ ಅವನ ಹಿಂದೆಯೇ ಸೇರಿದರು. ಅವರನ್ನು ಎಳೆದದ್ದು ದ್ವೇಷವೆ? ಯುದ್ಧ ಮುಗಿದ ಮೇಲೆ, 1952ರಲ್ಲಿ, ಇಂಗೆ ತನ್ನ ಒಡಹುಟ್ಟಿದವರ ಕಥೆಯನ್ನು ಬರೆದು ಪ್ರಕಟಿಸಿದಳು. ಅವಳು ಹೇಳುವ ಪ್ರಕಾರ ಅವರನ್ನು ಸೆಳೆದದ್ದು ನಾಡಿನ ಮೇಲಿನ ಪ್ರೀತಿ, ಗೆಳೆತನ, ಒಂದೇ ಹೆಜ್ಜೆಯಲ್ಲಿ ನಡೆಯುವ ಸಾಲು, ನಗಾರಿಯ ಸದ್ದು, ಹಾಡು. ಕೆಲಸವಿಲ್ಲದವರಿಗೆ ಕೆಲಸ ಸಿಗುತ್ತದೆ, ಬಿದ್ದ ದೇಶ ಏಳುತ್ತದೆ, ಅದಕ್ಕೆ ನಾವೂ ಬೇಕು ಎಂಬ ಭಾವನೆ. ಎಳೆಯರಿಗೆ ಎಳೆಯರೇ ನಾಯಕರೆಂಬುದು ಆ ದಳದ ಘೋಷಣೆಯಾಗಿತ್ತು. ಹದಿನಾರರ ಹುಡುಗನ ಕೈಗೆ ಹತ್ತು ಹನ್ನೆರಡರ ಹುಡುಗರ ಒಂದು ಪಡೆಯನ್ನು ಒಪ್ಪಿಸುತ್ತಿದ್ದರು. ಮನೆಯಲ್ಲಿ ತಂದೆ ಬುದ್ಧಿವಾದ ಕೊಟ್ಟರೆ ಅಲ್ಲಿ ಅವನಿಗೆ ಹೊಣೆ ಕೊಟ್ಟರು. ಹದಿಹರೆಯದ ಮನಸ್ಸು ಇವೆರಡರಲ್ಲಿ ಯಾವುದನ್ನು ಆರಿಸೀತೆಂಬುದನ್ನು ಹೇಳಬೇಕಾಗಿಲ್ಲ. 1932ರ ಕೊನೆಗೆ ಸುಮಾರು 1 ಲಕ್ಷ ಮಂದಿಯಿದ್ದ ಯುವದಳ 1933ರ ಕೊನೆಗೆ 20 ಲಕ್ಷವನ್ನು ಮೀರಿ ಬೆಳೆಯಿತು. ಅದರ ಸೇವೆಯನ್ನು ಎಲ್ಲ ಎಳೆಯರಿಗೂ ಕಡ್ಡಾಯಗೊಳಿಸಿದ ಆಜ್ಞೆ ಹೊರಟದ್ದು 1939ರಲ್ಲಿ. ಸೇರಲು ಅವಸರಪಟ್ಟವರ ಸಾಲು ಅದಕ್ಕೂ ಎಷ್ಟೋ ಮೊದಲಿನದು.

ಮೆಲಿಟಾಳದೂ ಅದೇ ಕಥೆ. 1933ರ ಜನವರಿ 30ರ ರಾತ್ರಿ ಬರ್ಲಿನ್ನಿನಲ್ಲಿ ಪಂಜಿನ ಮೆರವಣಿಗೆ ಹೊರಟಿತು. ಅದನ್ನು ನೋಡಲು ತಾಯಿತಂದೆಯರೇ ಅವಳನ್ನು ಕರೆದೊಯ್ದಿದ್ದರು. ಮೆರವಣಿಗೆಯವನೊಬ್ಬ ದಾರಿಬದಿಯಲ್ಲಿ ನಿಂತಿದ್ದ ಒಬ್ಬನನ್ನು ಹೊಡೆದದ್ದನ್ನೂ ಪೆಟ್ಟುತಿಂದವನ ಮುಖದ ಮೇಲೆ ರಕ್ತ ಇಳಿದದ್ದನ್ನೂ ಅವಳು ಕಂಡಳು. ಹೆದರಿದಳು, ಆದರೆ ಆ ಹೆದರಿಕೆಯೊಳಗೇ ಒಂದು ಸೂಕ್ಷ್ಮವಾದ ಅಮಲು ಬೆರೆತಿತ್ತೆಂದು ಮುಂದೆ ತಾನೇ ಒಪ್ಪಿಕೊಂಡಿದ್ದಾಳೆ. ಮನೆಯ ಇಕ್ಕಟ್ಟಿನಿಂದ ಹೊರಬಂದು ಯಾವುದೋ ದೊಡ್ಡದಕ್ಕೆ ತನ್ನನ್ನು ಒಪ್ಪಿಸಿಕೊಳ್ಳಬೇಕೆಂಬ ಹಂಬಲ ಅವಳದು. ಮನೆಯವರಿಗೆ ತಿಳಿಸದೆ ಅವಳು ನಾಜಿಗಳ ಬಾಲಿಕಾಸಂಘವನ್ನು ಸೇರಿದಳು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ತ್ಯಾಗ, ನಿಷ್ಠೆ, ಸ್ನೇಹ, ಬಡವರ ಬಗೆಗಿನ ಕನಿಕರ ಇವೆಲ್ಲ ನಾವು ಮಕ್ಕಳಲ್ಲಿ ಬೆಳೆಸಬೇಕೆಂದು ಬಯಸುವ ಗುಣಗಳೇ. ಉಗ್ರಮತದ ಪ್ರಚಾರಕನು ಅವುಗಳನ್ನು ನಾಶಮಾಡಲು ಹೋಗುವುದಿಲ್ಲ. ಅವುಗಳನ್ನೇ ಹಿಡಿಕೆಯಾಗಿ ಹಿಡಿದುಕೊಳ್ಳುತ್ತಾನೆ. ಆಮೇಲೆ ಆ ಗುಣಗಳ ವ್ಯಾಪ್ತಿಯನ್ನು ಮಾತ್ರ ಮೆಲ್ಲಮೆಲ್ಲನೆ ಕುಗ್ಗಿಸುತ್ತ ಬರುತ್ತಾನೆ. ಗೆಳೆಯನಿಗಾಗಿ ಪ್ರಾಣ ಕೊಡು, ಆದರೆ ಗೆಳೆಯನು ಯಾರೆಂಬುದನ್ನು ನಾನು ಹೇಳುತ್ತೇನೆ. ನೊಂದವರಿಗಾಗಿ ಮರುಗು, ಆದರೆ ನೋವು ಯಾರದೆಂಬುದನ್ನು ನಾನು ತೋರಿಸುತ್ತೇನೆ. ಇದು ಅವನ ಕ್ರಮ. ನೀತಿ ಹಾಗೆಯೇ ಉಳಿದಂತೆ ಕಾಣುತ್ತದೆ. ಅದರ ಬೇಲಿ ಮಾತ್ರ ಒಳಗೆ ಒಳಗೆ ಸರಿಯುತ್ತದೆ.

ಬೇಲಿ ಸರಿಯುವ ಆ ಕ್ಷಣವನ್ನು ಇಂಗೆಯ ಪುಸ್ತಕದ ಒಂದು ಸಣ್ಣ ಪ್ರಸಂಗ ಸೊಗಸಾಗಿ ತೋರಿಸುತ್ತದೆ. ಬಾಲಿಕೆಯರು ಸೈಕಲ್ಲಿನಲ್ಲಿ ಪ್ರವಾಸ ಹೋಗಿ ರಾತ್ರಿ ಗುಡಾರದಲ್ಲಿ ಮಲಗಿದ್ದಾರೆ. ಮೇಲೆ ನಕ್ಷತ್ರಗಳು. ಹದಿನೈದರ ಹುಡುಗಿಯೊಬ್ಬಳು, ಎಲ್ಲವೂ ಎಷ್ಟು ಚೆನ್ನಾಗಿದೆ, ಆದರೆ ಆ ಯಹೂದಿಗಳ ವಿಷಯವೊಂದು ಮಾತ್ರ ನನಗೆ ಗಂಟಲಲ್ಲಿ ಇಳಿಯುವುದಿಲ್ಲ ಎನ್ನುತ್ತಾಳೆ. ಅವಳ ನಾಯಕಿ ಅದಕ್ಕೆ ಕೊಟ್ಟ ಉತ್ತರವೇನು? ಹಿಟ್ಲರನಿಗೆ ತಾನು ಮಾಡುತ್ತಿರುವುದೇನೆಂದು ಗೊತ್ತಿದೆ. ದೊಡ್ಡ ಉದ್ದೇಶಕ್ಕಾಗಿ ಅರ್ಥವಾಗದ್ದನ್ನೂ ಒಪ್ಪಿಕೊಳ್ಳಬೇಕು ಎಂಬುದೇ ಆ ಉತ್ತರ. ಹುಡುಗಿಯ ಸಂಶಯವನ್ನು ಯಾರೂ ಖಂಡಿಸಲಿಲ್ಲ, ವಾದದಿಂದ ಗೆಲ್ಲಲೂ ಇಲ್ಲ. ತೀರ್ಪು ಕೊಡುವ ಕೆಲಸವನ್ನು ಅವಳ ಕೈಯಿಂದ ಮೃದುವಾಗಿ ತೆಗೆದುಕೊಂಡು ಬೇರೊಬ್ಬನ ಕೈಯಲ್ಲಿಟ್ಟರು. ಧರ್ಮಾಧರ್ಮ ವಿವೇಚನೆ ಸಾಯುವುದು ಸಾಮಾನ್ಯವಾಗಿ ಹೀಗೆಯೇ, ಬಲು ಸದ್ದಿಲ್ಲದೆ.

ಮೆಲಿಟಾ ಈ ದಾರಿಯಲ್ಲಿ ಬಹುದೂರ ನಡೆದಳು. ತನ್ನ ಶಾಲೆಯ ಯಹೂದಿ ಗೆಳತಿಯ ಬಳಗದ ಮೇಲೆ ಗೂಢಚರ್ಯೆ ಮಾಡುವವರೆಗೂ ಹೋದಳು. 1938ರ ನವೆಂಬರಿನಲ್ಲಿ ಯಹೂದಿಗಳ ಅಂಗಡಿಗಳನ್ನೂ ಪ್ರಾರ್ಥನಾಮಂದಿರಗಳನ್ನೂ ಒಡೆದು ಸುಟ್ಟ ರಾತ್ರಿಯ ಮರುದಿನ ಅವಳು ಬರ್ಲಿನ್ನಿನ ಬೀದಿಯಲ್ಲಿ ಗಾಜಿನ ಚೂರುಗಳ ನಡುವೆ ನಡೆದುಹೋದಳು. ಭಯಂಕರವಾದುದೇನೋ ನಡೆದಿದೆಯೆಂಬ ಅರಿವು ಒಂದು ಕ್ಷಣ ಅವಳಲ್ಲಿ ಮಿಂಚಿತು. ಮರುಕ್ಷಣವೇ, ಯಹೂದಿಗಳು ಹೊಸ ಜರ್ಮನಿಯ ಶತ್ರುಗಳು ಎಂದು ತನಗೆ ತಾನೇ ಹೇಳಿಕೊಂಡು ಅದನ್ನು ಮನಸ್ಸಿನಿಂದ ತಳ್ಳಿಬಿಟ್ಟಳು. ಯುದ್ಧಕಾಲದಲ್ಲಿ ಪೋಲೆಂಡಿನ ರೈತರನ್ನು ಅವರ ಮನೆಗಳಿಂದ ಹೊರಡಿಸುವ ಕೆಲಸದಲ್ಲೂ ಅವಳ ಪಾಲಿತ್ತು. ಎಲ್ಲ ಮುಗಿದು ಎಷ್ಟೋ ವರ್ಷಗಳಾದ ಮೇಲೆ, 1963ರಲ್ಲಿ, ಅವಳು ತನ್ನ ಜೀವನದ ಲೆಕ್ಕಾಚಾರವನ್ನು ಒಂದು ಪುಸ್ತಕವಾಗಿ ಪ್ರಕಟಿಸಿದಳು. ಅದನ್ನು ಅದೇ ಯಹೂದಿ ಗೆಳತಿಗೆ ಬರೆದ ಪತ್ರದ ರೂಪದಲ್ಲಿ ಬರೆದಿದ್ದಾಳೆ. ಆ ಗಾಜಿನ ಚೂರುಗಳ ಮೇಲೆ ನಡೆದಾಗ ಮಿಂಚಿ ಮರೆಯಾದ ಒಂದು ಕ್ಷಣದ ಅರಿವನ್ನು ಮತ್ತೆ ಹುಡುಕಿ ತೆಗೆಯಲು ಅಷ್ಟು ವರ್ಷ ಹಿಡಿಯಿತು.

ಹಾಗಾದರೆ ಹಾನ್ಸನು ಮರಳಿದ್ದು ಹೇಗೆ?

ಅದು ಒಂದೇ ದಿನದಲ್ಲಿ ಆದದ್ದಲ್ಲ. ಯಾವುದೋ ಮಹಾವಾಕ್ಯವನ್ನು ಕೇಳಿ ಆದದ್ದೂ ಅಲ್ಲ. ಹಾನ್ಸನಿಗೆ ಗಿಟಾರು ಬಾರಿಸಿ ಹಾಡುವ ಹವ್ಯಾಸವಿತ್ತು. ರಷ್ಯದ, ನಾರ್ವೆಯ ಜನಪದ ಹಾಡುಗಳನ್ನು ತನ್ನ ಪಡೆಯ ಹುಡುಗರಿಗೆ ಕಲಿಸುತ್ತಿದ್ದ. ಪರದೇಶದ ಹಾಡು ಹಾಡಕೂಡದೆಂದು ಮೇಲಿನವರು ತಡೆದರು. ಅವನಿಗೆ ಪ್ರಿಯವಾಗಿದ್ದ ಸ್ಟೆಫಾನ್ ಝ್ವೈಗನ ಒಂದು ಪುಸ್ತಕವನ್ನು, ಲೇಖಕನು ಯಹೂದಿಯೆಂಬ ಕಾರಣಕ್ಕಾಗಿ, ಓದಬಾರದೆಂದರು. 1935ರಲ್ಲಿ ನ್ಯೂರೆಂಬರ್ಗಿನ ಮಹಾಸಮಾವೇಶದಲ್ಲಿ ಧ್ವಜ ಹಿಡಿಯುವ ಗೌರವ ಅವನಿಗೆ ದೊರೆಯಿತು. ಹಿಗ್ಗಿ ಹೋದವನು ಮೌನವಾಗಿ ಬಂದ. ಅವನ ಪಡೆಯ ಹುಡುಗರು ತಾವೇ ಹೊಲಿದು ಚಿತ್ರ ಬರೆದ ಒಂದು ಬಾವುಟವನ್ನು ಹಿರಿಯ ನಾಯಕನೊಬ್ಬ ಹನ್ನೆರಡರ ಬಾಲಕನ ಕೈಯಿಂದ ಕಿತ್ತುಕೊಳ್ಳಲು ಬಂದಾಗ ಹಾನ್ಸನು ಮುಂದೆ ಬಂದು ಅವನ ಕೆನ್ನೆಗೆ ಹೊಡೆದನೆಂದೂ ಅಂದಿನಿಂದ ಅವನ ನಾಯಕತ್ವ ಹೋಯಿತೆಂದೂ ಇಂಗೆ ಬರೆದಿದ್ದಾಳೆ.

ಇವು ಎಷ್ಟು ಸಣ್ಣ ಸಂಗತಿಗಳು! ಒಂದು ಹಾಡು, ಒಂದು ಪುಸ್ತಕ, ಒಂದು ತುಂಡು ಬಟ್ಟೆ. ಆಗ ಅದೇ ನಾಡಿನಲ್ಲಿ ಸಾವಿರಾರು ಯಹೂದಿಗಳು ಕೆಲಸ ಕಳೆದುಕೊಂಡಿದ್ದರು, ಎಷ್ಟೋ ಜನ ಸೆರೆಯಲ್ಲಿದ್ದರು. ಹಾನ್ಸನ ಮನಸ್ಸನ್ನು ಮೊದಲು ಕದಲಿಸಿದ್ದು ಅವರ ಸಂಕಟವಲ್ಲ, ತನ್ನ ಗಿಟಾರಿಗೆ ಬಿದ್ದ ತಡೆ. ಇದನ್ನು ಮುಚ್ಚಿಡಬೇಕಾಗಿಲ್ಲ. ವಿವೇಕವು ಎಚ್ಚರಗೊಳ್ಳುವುದು ಅನೇಕ ವೇಳೆ ತನಗಾದ ಚಿಕ್ಕ ಗಾಯದಿಂದಲೇ. ಆ ಗಾಯದಲ್ಲೇ ನಿಂತುಬಿಡುತ್ತದೆಯೋ ಅಲ್ಲಿಂದ ಇತರರ ಗಾಯದ ಕಡೆಗೆ ನಡೆಯುತ್ತದೆಯೋ ಎಂಬುದೇ ಮುಖ್ಯವಾದ ಪ್ರಶ್ನೆ.

ಹಾನ್ಸನು ನಡೆದ. ಅವನು ನಡೆಯಲು ಒಂದು ದಾರಿ ತೆರೆದೇ ಇತ್ತು. ಈ ದಾರಿಯನ್ನು ತೆರೆದಿಟ್ಟವನು ಅವನ ತಂದೆ. ಹಾನ್ಸನು ಕೋಣೆಯಲ್ಲಿ ಹಿಟ್ಲರನ ಚಿತ್ರವನ್ನು ತೂಗುಹಾಕಿದರೆ ತಂದೆ ಅದನ್ನು ತೆಗೆದು ಮೇಜಿನ ಒಳಗಿಡುತ್ತಿದ್ದನೆಂದೂ ಮಗ ಮತ್ತೆ ತೂಗುಹಾಕುತ್ತಿದ್ದನೆಂದೂ ಆ ಕುಟುಂಬದ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ತಂದೆ ತನ್ನ ಅಭಿಪ್ರಾಯವನ್ನು ಒಂದು ದಿನವೂ ಮರೆಮಾಚಲಿಲ್ಲ. ಊಟದ ಹೊತ್ತಿನಲ್ಲಿ ಜಗಳಗಳಾದುವು. ಆದರೆ ಚಿತ್ರವನ್ನು ಹರಿದು ಬೀದಿಗೆ ಎಸೆಯಲಿಲ್ಲ, ಮಗನನ್ನು ಮನೆಯಿಂದ ಹೊರಡಿಸಲಿಲ್ಲ. ಮಕ್ಕಳಿಗೆ ಅವನು ಕೊಟ್ಟ ಉಪದೇಶವೆಂದರೆ, ಎಷ್ಟೇ ಕಷ್ಟವಾದರೂ ನೀವು ತಲೆಯೆತ್ತಿ ಸ್ವತಂತ್ರರಾಗಿ ಬಾಳಿರಿ ಎಂಬುದೊಂದೇ. ಹೀಗಾಗಿ ಅನುಮಾನ ಹುಟ್ಟಿದ ದಿನ ಆ ಮಕ್ಕಳಿಗೆ ಹಿಂದಿರುಗಿ ಬರಲು ಒಂದು ಜಗುಲಿಯಿತ್ತು. ನಾನು ಹೇಳಿರಲಿಲ್ಲವೇ ಎಂದು ಮೂದಲಿಸುವವರ ಮನೆಗೆ ಸೋತವನು ಮರಳುವುದಿಲ್ಲ. ಅವನು ಸೋಲನ್ನು ಒಪ್ಪಿಕೊಳ್ಳುವುದಕ್ಕಿಂತ ತಪ್ಪುದಾರಿಯಲ್ಲಿ ಇನ್ನಷ್ಟು ಮುಂದೆ ಹೋಗುವುದನ್ನೇ ಬಯಸುತ್ತಾನೆ.

ಮನೆಯೊಂದೇ ಸಾಲದು. ಷೋಲ್ ಮಕ್ಕಳ ಗೆಳೆಯರಲ್ಲಿ ಓಟ್ಲ್ ಐಕರ್ ಎಂಬ ಹುಡುಗನಿದ್ದ. ಅವನು ಯುವದಳವನ್ನು ಸೇರದೆ ಹೋದದ್ದಕ್ಕಾಗಿ ಶಾಲೆಯ ಅಂತಿಮ ಪರೀಕ್ಷೆಯ ಅವಕಾಶವನ್ನೇ ಕಳೆದುಕೊಂಡ. ಹಾನ್ಸನು ವೈದ್ಯಶಾಸ್ತ್ರ ಓದಲು ಮ್ಯೂನಿಕ್ಕಿಗೆ ಹೋದಮೇಲೆ ಕಾರ್ಲ್ ಮೂಟ್ ಎಂಬ ವೃದ್ಧ ಸಂಪಾದಕನ ಗ್ರಂಥಭಂಡಾರವನ್ನು ಜೋಡಿಸುವ ಕೆಲಸ ಅವನಿಗೆ ಸಿಕ್ಕಿತು. ಮೂಟನ ಪತ್ರಿಕೆ ಆ ವೇಳೆಗೆ ನಿಂತುಹೋಗಿತ್ತು, ಅವನ ಪುಸ್ತಕಗಳ ನಡುವೆ ತರುಣರೂ ಮುದುಕರೂ ಕೂತು ಚರ್ಚಿಸುತ್ತಿದ್ದರು. ಅಲೆಕ್ಸಾಂಡರ್ ಷ್ಮೊರೆಲ್, ಕ್ರಿಸ್ಟೋಫ್ ಪ್ರೋಬ್ಸ್ಟ್ ಎಂಬ ಗೆಳೆಯರು ಕೂಡಿದರು. ಕುರ್ಟ್ ಹೂಬರ್ ಎಂಬ ತತ್ವಶಾಸ್ತ್ರದ ಪ್ರಾಧ್ಯಾಪಕ ಕೂಡಿದ. ನಾನು ಮೊದಲು ಹೆಸರಿಸಿದ ಮೂರನೆಯವನು, ವಿಲ್ಲಿ ಗ್ರಾಫ್, ಅಲ್ಲಿಗೇ ಬಂದು ಸೇರಿದ. ಈ ವಿಲ್ಲಿ ಹುಡುಗನಾಗಿದ್ದಾಗಲೇ ಯುವದಳದಿಂದ ದೂರ ನಿಂತವನು. ಗೆಳೆಯರ ಹೆಸರುಗಳ ಪಟ್ಟಿಯಲ್ಲಿ ಯಾರು ಯಾರು ದಳವನ್ನು ಸೇರಿದರೋ ಅವರ ಹೆಸರಿನ ಮೇಲೆ ಗೀಟೆಳೆದವನು. ಅದು ಧೀರತನ, ಸಂಶಯವಿಲ್ಲ. ಆದರೆ ಒಮ್ಮೆ ದಳದ ಧ್ವಜ ಹಿಡಿದಿದ್ದ ಹಾನ್ಸನ ಜೊತೆಯಲ್ಲೇ ಅವನು ಕಡೆಗೆ ಪ್ರಾಣಕ್ಕೊಡ್ಡಿಕೊಂಡನೆಂಬುದನ್ನು ನೆನೆದಾಗ, ಯಾರ ಹೆಸರಿನ ಮೇಲೂ ಶಾಶ್ವತವಾದ ಗೀಟು ಎಳೆಯಲಾಗದೆಂಬುದೂ ತಿಳಿಯುತ್ತದೆ.

1942ರ ಬೇಸಗೆಯಲ್ಲಿ 'ಬಿಳಿ ಗುಲಾಬಿ' ಎಂಬ ಹೆಸರಿನ ನಾಲ್ಕು ಕರಪತ್ರಗಳು ಅಂಚೆಯಲ್ಲಿ ಹೊರಟುವು. ಅವುಗಳಲ್ಲಿ ಎರಡನೆಯದು ಪೋಲೆಂಡಿನಲ್ಲಿ 3 ಲಕ್ಷ ಯಹೂದಿಗಳನ್ನು ಕೊಂದಿರುವ ಸಂಗತಿಯನ್ನು ಹೇಳಿ, ಇದಕ್ಕೆ ಸುಮ್ಮನಿರುವ ಜನರ ಹೊಣೆಯನ್ನು ಕೇಳಿತು. ತನ್ನ ಹಾಡಿಗೆ ತಡೆ ಬಿದ್ದುದಕ್ಕಾಗಿ ನೊಂದ ಹುಡುಗನು ಏಳು ವರ್ಷಗಳಲ್ಲಿ ಎಲ್ಲಿಯವರೆಗೆ ಬಂದನೆಂಬುದನ್ನು ನೋಡಿ. ಒಳಗೆ ಸರಿದಿದ್ದ ಬೇಲಿ ಮತ್ತೆ ಹೊರಹೊರಕ್ಕೆ ಸರಿದು, ಕಂಡರಿಯದ ನಾಡಿನ, ಹೆಸರರಿಯದ ಜನರನ್ನು ಒಳಗೊಂಡಿತು.

1943ರ ಫೆಬ್ರವರಿ 18ರಂದು ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಆರನೆಯ ಕರಪತ್ರವನ್ನು ಹಂಚುತ್ತಿದ್ದಾಗ ಹಾನ್ಸನೂ ಸೋಫಿಯೂ ಸಿಕ್ಕಿಬಿದ್ದರು. 22ರಂದು ವಿಚಾರಣೆ, ಅಂದೇ ಶಿರಚ್ಛೇದ. ಜೊತೆಯಲ್ಲಿ ಮೂರು ಮಕ್ಕಳ ತಂದೆಯಾದ ಪ್ರೋಬ್ಸ್ಟ್. ಹಾನ್ಸನಿಗೆ 24, ಪ್ರೋಬ್ಸ್ಟನಿಗೆ 23, ಸೋಫಿಗೆ 21. ಅದೇ ವರ್ಷ ಜುಲೈಯಲ್ಲಿ ಷ್ಮೊರೆಲ್ ಮತ್ತು ಹೂಬರ್, ಅಕ್ಟೋಬರಿನಲ್ಲಿ ವಿಲ್ಲಿ ಗ್ರಾಫ್. ಯಾರಾದರೂ ಮೊದಲು ಮಾಡಲೇಬೇಕಾಗಿತ್ತು, ನಾವು ಬರೆದದ್ದನ್ನು ಅನೇಕರು ಮನಸ್ಸಿನಲ್ಲಿ ನಂಬುತ್ತಾರೆ, ಹೇಳಲು ಹೆದರುತ್ತಾರೆ ಎಂಬ ಅರ್ಥದ ಮಾತನ್ನು ಸೋಫಿ ನ್ಯಾಯಾಲಯದಲ್ಲಿ ಆಡಿದಳು.

ಆ ಮಾತಿನ ಸತ್ಯವನ್ನು ಬೇರೊಂದು ಕಡೆಯಿಂದ ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1950ರ ದಶಕದಲ್ಲಿ ಪರೀಕ್ಷಿಸಿ ತೋರಿಸಿದ. ಕೆಲವು ಗೆರೆಗಳನ್ನು ತೋರಿಸಿ, ಇವುಗಳಲ್ಲಿ ಯಾವುದು ಇನ್ನೊಂದಕ್ಕೆ ಸಮ ಎಂದು ಕೇಳುವುದು ಅವನ ಪ್ರಯೋಗ. ಮಗುವೂ ಹೇಳಬಹುದಾದ ಉತ್ತರ. ಆದರೆ ಜೊತೆಯಲ್ಲಿ ಕೂತವರೆಲ್ಲ ಮೊದಲೇ ಗೊತ್ತುಮಾಡಿಕೊಂಡು ತಪ್ಪು ಉತ್ತರ ಹೇಳಿದಾಗ, ಪರೀಕ್ಷೆಗೆ ಬಂದ ಕಾಲೇಜು ವಿದ್ಯಾರ್ಥಿಗಳ ಉತ್ತರಗಳಲ್ಲಿ ಮೂರರಲ್ಲೊಂದು ಭಾಗದಷ್ಟು ಆ ತಪ್ಪಿನ ಕಡೆಗೇ ವಾಲಿದುವು. ಆ ಗುಂಪಿನಲ್ಲಿ ಒಬ್ಬನೇ ಒಬ್ಬನು ಸರಿಯಾದ ಉತ್ತರ ಹೇಳಿದರೆ ಸಾಕು, ತಪ್ಪಿನ ಪ್ರಮಾಣ ನೂರಕ್ಕೆ ಐದಾರಕ್ಕೆ ಇಳಿದುಬಿಡುತ್ತಿತ್ತು. ತನ್ನ ಕಣ್ಣನ್ನು ತಾನು ನಂಬಲು ಮನುಷ್ಯನಿಗೆ ದೊಡ್ಡ ಸೈನ್ಯ ಬೇಡ, ಇನ್ನೊಂದು ದನಿ ಬೇಕು. ಉಗ್ರಮತಗಳು ಎಲ್ಲಕ್ಕಿಂತ ಮೊದಲು ಆ ಇನ್ನೊಂದು ದನಿಯನ್ನು ಅಡಗಿಸಲು ಹೊರಡುವುದು ಈ ಕಾರಣದಿಂದಲೇ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಮೂಟನೂ ಹೂಬರನೂ ತರುಣರ ಮೇಲೆ ಪ್ರಭಾವ ಬೀರಿದವರೇ ಅಲ್ಲವೆ? ಯುವದಳದ ನಾಯಕರೂ ಪ್ರಭಾವ ಬೀರಿದರು, ಇವರೂ ಬೀರಿದರು, ವ್ಯತ್ಯಾಸವೇನು? ಪ್ರಭಾವವಿಲ್ಲದೆ ಯಾರ ಮನಸ್ಸೂ ಬೆಳೆಯದೆಂಬುದು ನಿಜ. ಆದ್ದರಿಂದ ಮಕ್ಕಳನ್ನು ಪ್ರಭಾವಗಳಿಂದ ಮುಚ್ಚಿಡುವುದು ಆಗದ ಮಾತು. ಪ್ರಭಾವಗಳನ್ನು ಗುರುತಿಸುವ ಬಗೆಯನ್ನು ಮಾತ್ರ ಕಲಿಸಬಹುದು. ನನ್ನ ಮಟ್ಟಿಗೆ ಗುರುತು ಎರಡೇ. ನನ್ನ ಸಂಶಯಕ್ಕೆ ಈತನು ಉತ್ತರ ಕೊಡುತ್ತಾನೆಯೋ, ಸಂಶಯಪಡುವುದೇ ದ್ರೋಹವೆನ್ನುತ್ತಾನೆಯೋ? ಈತನ ಬಳಗವನ್ನು ಬಿಟ್ಟು ಹೋಗಬೇಕೆನಿಸಿದ ದಿನ ನಾನು ನಿರ್ಭಯವಾಗಿ ಹೋಗಬಹುದೋ, ಇಲ್ಲವೋ? ಮೂಟನ ಗ್ರಂಥಭಂಡಾರದಿಂದ ಯಾರು ಯಾವಾಗ ಬೇಕಾದರೂ ಎದ್ದು ಹೋಗಬಹುದಾಗಿತ್ತು. ಗುರುವಿನ ಮನೆಗೆ ಎರಡೂ ಕಡೆ ಬಾಗಿಲಿರುತ್ತದೆ. ಜೋಗಿಯ ಬೆಟ್ಟದ ಬಾಗಿಲು ಮಕ್ಕಳು ಒಳಗೆ ಹೋದ ಕೂಡಲೆ ಮುಚ್ಚಿಕೊಳ್ಳುತ್ತದೆ.

ಈ ದಿನಗಳಲ್ಲಿ ಕಿಂದರಿ ಬೀದಿಗೆ ಬರಬೇಕಾಗಿಯೇ ಇಲ್ಲ. ಅದು ಮಕ್ಕಳ ಅಂಗೈಯಲ್ಲಿರುವ ಮೊಬೈಲಿನಲ್ಲಿದೆ. 1933ರ ತಂದೆಗೆ ಮಗನ ಸಮವಸ್ತ್ರ ಕಾಣುತ್ತಿತ್ತು, ಗೋಡೆಯ ಮೇಲಿನ ಚಿತ್ರ ಕಾಣುತ್ತಿತ್ತು. ಇಂದು ಪಕ್ಕದ ಕೋಣೆಯಲ್ಲಿ ಮೌನವಾಗಿ ಕೂತ ಹುಡುಗನು ಯಾವ ಮೆರವಣಿಗೆಯಲ್ಲಿ ನಡೆಯುತ್ತಿದ್ದಾನೆಂಬುದು ಮನೆಯವರಿಗೆ ಕಾಣದು. ಅವನಿಗೆ ಅಲ್ಲಿ ಯಾವ ಜಾತಿಯ, ಯಾವ ಮತದ, ಯಾವ ಪಕ್ಷದ ಹೆಸರಿನಲ್ಲಿ ದ್ವೇಷವನ್ನು ಕಲಿಸುತ್ತಿದ್ದಾರೆಂಬುದು ಬೇರೆ ಬೇರೆ ಇರಬಹುದು. ಕಲಿಸುವ ಕ್ರಮ ಹಳೆಯದೇ: ಒಳ್ಳೆಯ ಗುಣವನ್ನು ಹಿಡಿ, ಬೇಲಿಯನ್ನು ಒಳಗೆ ಸರಿಸು, ಇನ್ನೊಂದು ದನಿಯನ್ನು ಅಡಗಿಸು.

ಇದಕ್ಕೆ ಸಿದ್ಧೌಷಧವಿದೆಯೆಂದು ನಾನು ಹೇಳಲಾರೆ. ಒಳ್ಳೆಯ ತಂದೆಯರ ಎಷ್ಟೋ ಮಕ್ಕಳು ಆ ಕಾಲದಲ್ಲಿ ಹೋದವರು ಹೋದಂತೆಯೇ ಉಳಿದರು. ಆದರೂ ಮಾಡಬಹುದಾದುದು ಇಷ್ಟಿದೆ. ಎಳೆಯರ ಕೈಗೆ ಬರಿಯ ಬುದ್ಧಿವಾದವನ್ನಲ್ಲದೆ ನಿಜವಾದ ಹೊಣೆಯ ಕೆಲಸವನ್ನೂ ಕೊಡಬೇಕು. ನಾವು ಕೊಡದಿದ್ದರೆ ಕೊಡುವವರು ಹೊರಗೆ ಕಾದಿರುತ್ತಾರೆ. ಅವರ ಆದರ್ಶವನ್ನು ಹಾಸ್ಯಮಾಡದೆ, ಈ ನಿನ್ನ ಹಾಡಿನಲ್ಲಿ ಯಾರಿಗೆ ಜಾಗವಿಲ್ಲ ಎಂಬ ಒಂದು ಪ್ರಶ್ನೆಯನ್ನು ಕೇಳಬೇಕು. ನಮ್ಮ ಅಭಿಪ್ರಾಯವನ್ನು ಮುಚ್ಚಿಡದೆ ಹೇಳಬೇಕು. ಹೇಳಿಯೂ ಊಟಕ್ಕೆ ಕರೆಯಬೇಕು.

ರಾಬರ್ಟ್ ಷೋಲ್ ಹಿಟ್ಲರನನ್ನು ದೇವರ ಕೊರಡೆಯೆಂದು ಕರೆದ ತಪ್ಪಿಗಾಗಿ 1942ರಲ್ಲಿ ನಾಲ್ಕು ತಿಂಗಳ ಸೆರೆವಾಸಕ್ಕೆ ಗುರಿಯಾದ. ಮುಂದಿನ ವರ್ಷ ಮಕ್ಕಳ ವಿಚಾರಣೆಯ ದಿನ ನ್ಯಾಯಾಲಯಕ್ಕೆ ನುಗ್ಗಿ ಅವರ ಪರವಾಗಿ ಮಾತನಾಡಲು ಹೋದವನನ್ನು ಹೊರಗೆ ಹಾಕಿದರು. ಹತ್ತು ವರ್ಷಗಳ ಹಿಂದೆ ಮನೆಯಲ್ಲಿ ಅವನ ಮಾತನ್ನು ಕೇಳದೆ ಎದ್ದು ಹೋದ ಮಕ್ಕಳು, ಅಂದು ಅವನ ಮಾತನ್ನೇ ಲೋಕದ ಮುಂದೆ ಆಡಿ ನಿಂತಿದ್ದರು. ಕೂಗಿದ ದನಿ ಕೇಳಿಸಿತೋ ಇಲ್ಲವೋ ಎಂದು ಕೂಗಿದವನಿಗೆ ಒಡನೆಯೇ ತಿಳಿಯುವುದಿಲ್ಲ. ಆದರೂ ಕೂಗುತ್ತಿರಬೇಕು. ಬಾಗಿಲನ್ನು ತೆರೆದಿಟ್ಟಿರಬೇಕು.